ಹೊಸ ಆ್ಯಪ್ ಹಾಕಿಕೊಂಡಾಗ ಮೊದಲ ಐದು ನಿಮಿಷ

ಮೊನ್ನೆ ಧಾರವಾಡದ ಸಪ್ತಾಪುರದಿಂದ ನಮ್ಮ ವೈನಿ ಫೋನ್ ಮಾಡಿದ್ದರು. ರಂಗೋಲಿ ನೋಡೋಣ ಅಂತ ಒಂದು ವಿಡಿಯೋ ಆ್ಯಪ್ ಹಾಕಿಕೊಂಡಿದ್ದಾರೆ. ಕೇಳಿದ್ದಕ್ಕೆಲ್ಲ ‘ಅನುಮತಿಸಿ’ ಒತ್ತಿದ್ದಾರೆ. ಸಂಜೆಯೊಳಗೆ ಹಾಲಿನವರಿಂದ ಹಿಡಿದು ಮಗಳ ಟ್ಯೂಷನ್ ಸರ್ ತನಕ ಎಲ್ಲರಿಗೂ ‘ನೀವೂ ಬನ್ನಿ’ ಅನ್ನೋ ಮೆಸೇಜ್! ಗ್ಯಾಸ್ ತರುವ ಹುಡುಗ ಬಾಗಿಲಿಗೇ ಬಂದ: “ಅಕ್ಕಾರ, ಕರದಿದ್ರೆಲ್ರಿ, ಏನ್ ಕೆಲಸ?”

ಇದು ಸುಮ್ನೆ ಆಗುವುದಲ್ಲ. ಪರಿಚಯದವರು ಕಂಡರೆ ಹೊಸಬರು ಉಳಿಯುತ್ತಾರೆ, ಇಲ್ಲಾಂದ್ರೆ ಆ್ಯಪ್ ತೆಗೆದುಹಾಕುತ್ತಾರೆ. ಫೇಸ್‌ಬುಕ್ ಬೆಳೆಯುತ್ತಿದ್ದಾಗ ಅವರ ತಂಡದ ಗುರಿಯೇ ಪ್ರತಿ ಹೊಸಬರಿಗೂ 10 ದಿನದಲ್ಲಿ 7 ಗೆಳೆಯರು ಸಿಗಬೇಕು ಅನ್ನೋದು. 2023ರಲ್ಲಿ ಅದೇ ಕಂಪನಿಯ ಥ್ರೆಡ್ಸ್ ಅನ್ನೋ ಆ್ಯಪ್ ಬಂತಲ್ಲ, ಇನ್‌ಸ್ಟಾಗ್ರಾಮ್ ಖಾತೆಯಿಂದಲೇ ಒಳಗೆ ಬಿಟ್ಟುಕೊಂಡರು. 5 ದಿನದಲ್ಲಿ 10 ಕೋಟಿ ಜನ!

ಹೊಸ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿದರೆ ‘ಬೇಡ’ ಅನ್ನಿ. ‘ಸ್ಕಿಪ್’ ಬಟನ್ ಮೂಲೆಯಲ್ಲಿ ಸಣ್ಣದಾಗಿ, ಬೂದು ಬಣ್ಣದಲ್ಲಿ ಇರುತ್ತದೆ. ಹುಡುಕಬೇಕು. ನೋಟಿಫಿಕೇಶನ್‌ಗೂ ಹಾಗೇ. ಆಂಡ್ರಾಯ್ಡ್ 13ರಿಂದ ಆ್ಯಪ್‌ಗಳು ಅದಕ್ಕೂ ನಮ್ಮ ಅನುಮತಿ ಕೇಳಬೇಕು.

ಈಗಾಗಲೇ ಒತ್ತಿಬಿಟ್ಟಿದ್ದೀರಾ? ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿಯಿರಿ, ‘ಆ್ಯಪ್ ಮಾಹಿತಿ’ಗೆ ಹೋಗಿ, ‘ಅನುಮತಿಗಳು’ ಒಳಗೆ ಕಾಂಟ್ಯಾಕ್ಟ್ಸ್ ಬಂದ್ ಮಾಡಿ. ಆದರೆ ಆಗಲೇ ಅವರ ಕಡೆ ಹೋದ ನಂಬರುಗಳು ಇದರಿಂದ ಅಳಿಯುವುದಿಲ್ಲ. ಆ್ಯಪ್ ತೆರೆದು ಅದರದ್ದೇ ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ ಸಿಂಕ್ (ನಂಬರುಗಳನ್ನು ಅವರ ಕಡೆ ಕಳಿಸುವ ಆಯ್ಕೆ) ಹುಡುಕಿ, ಅದನ್ನೂ ಬಂದ್ ಮಾಡಿ, ಹೋದ ನಂಬರುಗಳನ್ನು ಅಳಿಸುವ ಆಯ್ಕೆ ಇದ್ದರೆ ಅಳಿಸಿ. ವೈನಿಗೆ ಇದನ್ನು ಹುಡುಕಿಕೊಡಲು ನನಗೇ ಅರ್ಧ ಗಂಟೆ ಹಿಡಿಯಿತು.