ಪಿತ್ತಕೋಶದ ಸ್ಕ್ಯಾನಿಂಗ್: ಕಲ್ಲು ಕಣ್ತಪ್ಪದಂತೆ ನೋಡುವುದು ಹೇಗೆ?

ಪಿತ್ತಕೋಶದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ರೋಗಿಗೆ 6ರಿಂದ 8 ಗಂಟೆ ಉಪವಾಸ ಬೇಕು. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬಂದವರು ‘ಏನೂ ತಿಂದಿಲ್ಲ’ ಅನ್ನುತ್ತಾರೆ. ಕುಡಿದ ಕಾಫಿ ಅವರ ಲೆಕ್ಕಕ್ಕಿಲ್ಲ. ಹಾಲಿನ ಕೊಬ್ಬಿಗೆ ಪಿತ್ತಕೋಶ ಮುದುಡಿ, ಗೋಡೆ ದಪ್ಪಗೆ ಕಾಣುತ್ತದೆ, ಸಣ್ಣ ಕಲ್ಲು ಮರೆಯಾಗುತ್ತದೆ. ಆದ್ದರಿಂದ ಕಾಫಿಯ ಬಗ್ಗೆ ಬೇರೆಯಾಗಿಯೇ ಕೇಳಿ.

2–5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬನ್ನು (ಮೈಮೇಲೆ ಇಟ್ಟು ನೋಡುವ ಸಾಧನ) ಬಲ ಪಕ್ಕೆಲುಬಿನ ಅಂಚಿನ ಕೆಳಗಿಟ್ಟು, ಉಸಿರೆಳೆದು ಹಿಡಿಯಲು ಹೇಳಿ. ಸಿಗದಿದ್ದರೆ ಪಕ್ಕೆಲುಬುಗಳ ನಡುವಿನಿಂದ ಹುಡುಕಿ. ಉದ್ದಕ್ಕೂ ಅಡ್ಡಕ್ಕೂ, ಪಿತ್ತಕೋಶದ ಕತ್ತಿನ ತುದಿಯವರೆಗೆ ನೋಡಿ. ತಪ್ಪಿಹೋಗುವ ಕಲ್ಲು ಹೆಚ್ಚಾಗಿ ಅಲ್ಲೇ ಕೂತಿರುತ್ತದೆ.

ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಕಪ್ಪು ನೆರಳು. ಎಡಮಗ್ಗುಲಿಗೆ ಮಲಗಿಸಿದರೆ ಜಾರುತ್ತದೆ. ಗೋಡೆಗೆ ಅಂಟಿ ಬೆಳೆದ ಗಂಟು, ಅಂದರೆ ಪಾಲಿಪ್, ಜಾರುವುದಿಲ್ಲ, ನೆರಳೂ ಬೀಳಿಸದು. ಕೆಸರಿನಂಥ ಸ್ಲಡ್ಜ್ ನಿಧಾನಕ್ಕೆ ಹರಿಯುತ್ತದೆ, ನೆರಳಿಲ್ಲ. ಸಣ್ಣ ಕಲ್ಲಿಗೆ ನೆರಳು ಮೂಡದಿದ್ದರೆ ಫೋಕಸ್ಸನ್ನು ಅದರ ಮಟ್ಟಕ್ಕೆ ತಂದು, ಗೇನ್ (ಚಿತ್ರದ ಹೊಳಪು) ಇಳಿಸಿ, ಹಲವು ಕೋನಗಳ ಚಿತ್ರ ಬೆರೆಸುವ ಕಾಂಪೌಂಡ್ ಇಮೇಜಿಂಗ್ ಆಫ್ ಮಾಡಿ. ಪಕ್ಕದ ಕರುಳಿನ ಗಾಳಿಯೂ ಕಲ್ಲಿನ ವೇಷ ಹಾಕುತ್ತದೆ, ಆದರೆ ಅದರ ನೆರಳು ಮಸುಕು.

ಮುಂಭಾಗದ ಗೋಡೆ 3 ಮಿ.ಮೀ.ಗಿಂತ ದಪ್ಪವಿದ್ದು, ಕಲ್ಲೂ ಇದ್ದು, ಪ್ರೋಬ್ ಒತ್ತಿದ ಜಾಗದಲ್ಲೇ ಜೋರು ನೋವಾದರೆ ತೀವ್ರ ಉರಿಯೂತದ ಶಂಕೆ ಬಲವಾಗುತ್ತದೆ. ನೋವಿನ ಇಂಜೆಕ್ಷನ್ ಮೊದಲೇ ಕೊಟ್ಟಿದ್ದರೆ ಈ ಗುರುತು ನಂಬುವಂತಿಲ್ಲ. ಬರೀ ಗೋಡೆ ನೋಡಿಯೂ ತೀರ್ಮಾನಿಸಬೇಡಿ: ಮಳೆಗಾಲದ ಡೆಂಗಿ ಜ್ವರದಲ್ಲೂ ಅದು ಊದಿಕೊಳ್ಳುತ್ತದೆ.

ಕೊನೆಗೆ ಪಿತ್ತನಾಳ ಅಳೆಯಿರಿ. ಸಾಮಾನ್ಯವಾಗಿ 6 ಮಿ.ಮೀ. ಒಳಗೆ, ವಯಸ್ಸಾದವರಲ್ಲಿ ತುಸು ಹೆಚ್ಚು. ನಾಳದೊಳಗಿನ ಕಲ್ಲು ಎಷ್ಟೋ ಸಲ ಕಾಣುವುದಿಲ್ಲ. ಕಾಮಾಲೆ ಇದ್ದು ನಾಳ ಹಿಗ್ಗಿದ್ದರೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಬೇಕೆಂದು ರಿಪೋರ್ಟಿನಲ್ಲಿ ಬರೆಯಿರಿ.