ಬಿಸ್ಕತ್ ಡಬ್ಬಿಯೊಳಗಿನ ಚೀಟಿಗಳು

ಮೊದಮೊದಲು ನಾನು ಹೈಸ್ಕೂಲುಗಳಿಗೆ ಹೋದಾಗ ಹುಡುಗರನ್ನು ಆಟಕ್ಕೆ ಬಿಟ್ಟು, ಹುಡುಗಿಯರಿಗಷ್ಟೇ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆಯ ಪಾಠ ಮಾಡುತ್ತಿದ್ದೆ. ಗುಡ್ ಟಚ್, ಬ್ಯಾಡ್ ಟಚ್, ಮಕ್ಕಳ ಸಹಾಯವಾಣಿ 1098. ಚಪ್ಪಾಳೆ ಬೀಳುತ್ತಿತ್ತು. ಪ್ರಶ್ನೆ ಒಂದೂ ಬರುತ್ತಿರಲಿಲ್ಲ.

ಆಮೇಲೆ ಹಳೇ ಬಿಸ್ಕತ್ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿಕೊಂಡು ಹೋದೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಕೇಳೋದೇನೂ ಇಲ್ಲದವರು ಬೆಳಿಗ್ಗೆ ತಿಂದ ತಿಂಡಿ ಬರೆಯಿರಿ ಅಂದೆ. ಇಲ್ಲದಿದ್ದರೆ ಪೆನ್ನು ಹಿಡಿದವಳ ಮೇಲೇ ಎಲ್ಲರ ಕಣ್ಣು, ಅಲ್ವಾ? ಜಾಸ್ತಿ ಚೀಟಿಗಳಲ್ಲಿ ಉಪ್ಪಿಟ್ಟು, ಚಿತ್ರಾನ್ನ. ಒಂದು ಮಾತ್ರ ಉಗುರಿನಷ್ಟು ಸಣ್ಣಗೆ ಮಡಚಿತ್ತು. ‘ಒಬ್ಬ ಅಣ್ಣ ರೀಚಾರ್ಜ್ ಮಾಡಿಸ್ತಾರೆ. ಫೋಟೊ ಕಳಿಸು ಅಂತಾರೆ. ಮುಟ್ಟಿಲ್ಲ. ಒಳ್ಳೆಯವರು. ಇದು ತಪ್ಪಾ?’

ನನ್ನ ಪಾಠದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಾನು ಹೆದರಿಸುವವನ ಬಗ್ಗೆ ಹೇಳಿದ್ದೆ, ಕೊಡುವವನ ಬಗ್ಗೆ ಅಲ್ಲ. ಇನ್ನೊಂದು ಎಡವಟ್ಟೂ ಆಗಿತ್ತು. ಡಬ್ಬಿಯ ಮೇಲೆ ‘ಯಾರಿಗೂ ಹೇಳಲ್ಲ’ ಅಂತ ನಾನೇ ಬರೆದು ಅಂಟಿಸಿದ್ದೆ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಆ ಚೀಟಿ ಬರೆದ ಮಗು ನನ್ನ ಬಳಿ ಬಂದಾಗ ಮೊದಲು ಅದನ್ನೇ ಒಪ್ಪಿಕೊಂಡೆ: ‘ಕೊಡಬಾರದ ಮಾತು ಕೊಟ್ಟಿದ್ದೆ ಪುಟ್ಟಾ. ಆದರೆ ಯಾರಿಗೆ ಹೇಳ್ತೀನಿ ಅನ್ನೋದನ್ನ ನಿನಗೆ ಮೊದಲು ತಿಳಿಸ್ತೀನಿ.’ ಪೊಲೀಸರು ಅಂದಕೂಡಲೇ ಮುಖ ಬಿಳಿಚಿಕೊಂಡಿತು. ಹೇಳಿಕೆ ಬರೆದುಕೊಳ್ಳುವವರು ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ, ಮನೆಯಲ್ಲೇ ಅಥವಾ ನಿನಗೆ ಸರಿಕಂಡ ಕಡೆ ಮಾತಾಡಬಹುದು ಅಂದಾಗ ಸ್ವಲ್ಪ ಉಸಿರು ಬಿಟ್ಟಳು. ಅವಳ ವಿಷಯ ಇಷ್ಟು ಸಾಕು.

ಮೇಷ್ಟ್ರುಗಳ ತರಬೇತಿಗೆ ಈಗ ಕಾನೂನಿನಿಂದ ಶುರು ಮಾಡಲ್ಲ. ‘ಬಡ ಮನೆಯ ಹುಡುಗಿ, ಕೈಯಲ್ಲಿ ಹೊಸ ಫೋನು, ಶನಿವಾರ ಗೈರು. ಏನು ಮಾಡ್ತೀರಿ?’ ಅಂತ ಕೇಳಿ ಸುಮ್ನೆ ಕೂರುತ್ತೇನೆ. ಬುದ್ಧಿ ಹೇಳ್ತೀವಿ, ಮನೆಯವರನ್ನು ಕರೆಸ್ತೀವಿ ಅನ್ನುತ್ತಾರೆ. ಕೊಡಿಸಿದವನು ಮನೆಯವನೇ ಆಗಿದ್ದರೆ? ಒಬ್ಬ ಹೆಡ್‌ಮಾಸ್ಟರ್ ಎದ್ದು, ‘ಸುಳ್ಳಾದ್ರೆ ನಮ್ಮ ತಲೆಗೆ ಬರ್ತದಲ್ಲ ಮೇಡಂ’ ಅಂದರು. ಆಗ ಕಾನೂನು ತೆಗೆಯುತ್ತೇನೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ 6 ತಿಂಗಳವರೆಗೆ ಜೈಲು, ತಮ್ಮ ಕೈಕೆಳಗಿನವರು ಮಾಡಿದ್ದನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಹೌದೋ ಅಲ್ಲವೋ ಅಂತ ತೀರ್ಮಾನಿಸೋದು ಮೇಷ್ಟ್ರ ಕೆಲಸ ಅಲ್ಲ. ಮಗುವನ್ನು ಹತ್ತು ಸಲ ಕೇಳಿ ಕೇಳಿ ಗೋಳು ಹೊಯ್ದುಕೊಳ್ಳುವುದು ಇನ್ನೂ ಕೆಟ್ಟದ್ದು.

ಹುಡುಗರನ್ನು ಆಟಕ್ಕೆ ಕಳಿಸುವುದನ್ನೂ ಬಿಟ್ಟೆ. ಅವರನ್ನು ಕೂರಿಸಿಕೊಂಡ ಮೊದಲ ದಿನವೇ ಡಬ್ಬಿಯಲ್ಲಿ ಒಂದು ಚೀಟಿ ಇತ್ತು: ‘ಈ ಕಾನೂನು ನಮಗೂ ಇದೆಯಾ ಮೇಡಂ?’ ಇದೆ. 18 ತುಂಬದ ಯಾರಿಗೇ ಆದರೂ. ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಹಿಂದಿನ ಬೆಂಚಿನವನೊಬ್ಬ ಅದನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದುಕೊಂಡ.