ನಮ್ಮ ಹೊಲದ ಮಳೆಯನ್ನು ನಾವೇ ಅಳೆಯೋಣ

ಮಂಡ್ಯ ಕಡೆಯ ರೈತ ಬಂಧುಗಳೇ, ಮದ್ದೂರಿನಲ್ಲಿ ಜೋರು ಮಳೆಯಾದ ದಿನ ಪಾಂಡವಪುರದಲ್ಲಿ ಹನಿಯೂ ಬೀಳದೆ ಇರಬಹುದು, ಅಲ್ವಾ? ಅದಕ್ಕೇ ನಿಮ್ಮ ಹೊಲದಲ್ಲೇ ಒಂದು ಮಳೆಮಾಪಕ ಇಡಿ.

ಬಾಯಿಂದ ತಳದವರೆಗೆ ಒಂದೇ ಅಗಲ ಇರುವ, ತಳ ಚಪ್ಪಟೆಯಾದ ಡಬ್ಬ ಸಾಕು. ಒಳಗೆ ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದರೆ ಅದೇ ಮಿಲಿಮೀಟರ್ ಲೆಕ್ಕದ ಮಳೆ. ಸ್ಕೇಲಿನ ಸೊನ್ನೆ ತುದಿಯಿಂದ ಸ್ವಲ್ಪ ಮೇಲಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಬಕೆಟ್ ಮಾತ್ರ ಬೇಡ. ಅದರ ಬಾಯಿ ಅಗಲ, ತಳ ಕಿರಿದು. ಹಾಗಾಗಿ ಮಳೆ ಜಾಸ್ತಿ ತೋರಿಸುತ್ತದೆ.

ತೆಂಗಿನ ಮರದ ಹತ್ತಿರ ಇಡಬೇಡಿ. ಮರದ ಎತ್ತರದ ಎರಡರಷ್ಟು ದೂರವಾದರೂ ಇರಲಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳತೆ ನೋಡುತ್ತಾರೆ. ನೀವೂ ಅದೇ ಹೊತ್ತಿಗೆ ನೋಡಿ, ಬರೆದಿಟ್ಟು, ನೀರು ಚೆಲ್ಲಿ.

ತಾನಾಗಿ ಅಳೆಯುವ ಯಂತ್ರದಲ್ಲಿ ತಕ್ಕಡಿಯಂತೆ ಎರಡು ಪುಟ್ಟ ಬಟ್ಟಲು ಇರುತ್ತವೆ. ಒಂದು ತುಂಬಿ ವಾಲಿದರೆ ಇನ್ನೊಂದು ಮೇಲೆ ಬರುತ್ತದೆ. ವಾಲಿದ ಎಣಿಕೆಯಿಂದ ಮಳೆ ಲೆಕ್ಕ ಸಿಗುತ್ತದೆ. ಕಸ ಕಟ್ಟಿಕೊಂಡರೆ ಲೆಕ್ಕ ತಪ್ಪುತ್ತದೆ.

1 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಬಿದ್ದರೆ ಒಂದು ಲಕ್ಷ ಲೀಟರ್! ಅಂಥ ದಿನ ಕಬ್ಬಿಗೆ ಸುಮ್ನೆ ಮೋಟರ್ ಹಾಕಬೇಡಿ.